ಗುರು ಗ್ರಹದ ಪಟ್ಟೆಗೆ ಬೀದಿದೀಪ ಅಡ್ಡಿಯಲ್ಲ

ಮಾನ್ಯರೇ,

ಬೆಂಗಳೂರಿನ ಬೆಳಕಿನಲ್ಲಿ ಗ್ರಹಗಳ ಫೋಟೊ ತೆಗೆಯಲಾಗದು ಎಂಬ ಮಾತು ಗುರುವಿನ ಮಟ್ಟಿಗೆ ಸುಳ್ಳು. ಅದರ ಹೊಳಪಿನ ಮುಂದೆ ಬೀದಿದೀಪ ಲೆಕ್ಕಕ್ಕಿಲ್ಲ. ಕೆಡಿಸುವುದು ಗಾಳಿಯ ಅಲುಗಾಟ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿಯೂ ಬಿಸಿ ಉಗುಳುತ್ತದೆ, ಗುರುವಿನ ಮೇಲಿನ ಬಿರುಗಾಳಿಯಾದ ಕೆಂಪು ಚುಕ್ಕೆ ನೀರಿನಡಿಯ ನಾಣ್ಯದಂತೆ ನಡುಗುತ್ತದೆ. ಹುಲ್ಲಿನ ಅಂಗಳವೇ ವಾಸಿ. 8 ಇಂಚು ಬಾಯಗಲದ ದೂರದರ್ಶಕವನ್ನು ಗಂಟೆ ಮೊದಲೇ ಹೊರಗಿಡಿ, ಹೊರಗಿನ ತಂಪಿಗೆ ಹೊಂದಿಕೊಳ್ಳಲಿ. ಕ್ಯಾಮೆರಾದ ಪಿಕ್ಸೆಲ್ 2.9 ಮೈಕ್ರಾನ್ ಇದ್ದರೆ ಬಿಂಬವನ್ನು ಹಿಗ್ಗಿಸುವ ಬಾರ್ಲೊ ಲೆನ್ಸ್ ಹಾಕಿ ಎಫ್/15ರ (ಸಂಗಮದೂರ ಬಾಯಗಲದ 15 ಪಟ್ಟು) ಆಸುಪಾಸಿಗೆ ತನ್ನಿ. ಒಂದೇ ಫೋಟೊ ಸಾಲದು, ಗಾಳಿ ನಿಂತ ಕ್ಷಣಗಳನ್ನು ಹಿಡಿಯಲು ವಿಡಿಯೊ ಬೇಕು. ಗುರು ಸುಮಾರು 9 ಗಂಟೆ 55 ನಿಮಿಷಕ್ಕೇ ಒಂದು ಸುತ್ತು ತಿರುಗುತ್ತದೆ. ವಿಡಿಯೊ ಎರಡು-ಮೂರು ನಿಮಿಷ ಮೀರಿದರೆ ಅದರ ಮೋಡಪಟ್ಟೆಗಳ ಅಂಚು ಕಲಸಿಹೋಗುತ್ತದೆ. ಸಾವಿರಾರು ಫ್ರೇಮುಗಳಲ್ಲಿ ಚೂಪಾದ ಶೇ 10–20 ಮಾತ್ರ ಆಯ್ದು ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಪೇರಿಸಿ, ಒಂದೇ ಚಿತ್ರ ಮಾಡಿ. ಆಮೇಲೆ ಹರಿತಗೊಳಿಸುವಾಗ ಕೈ ಬಿಗಿಹಿಡಿಯಿರಿ, ಅತಿಯಾದರೆ ಇಲ್ಲದ ಸುಳಿಗಳೂ ಹುಟ್ಟಿಕೊಳ್ಳುತ್ತವೆ.

– ಹವ್ಯಾಸಿ ಆಕಾಶ ವೀಕ್ಷಕರು, ಬೆಂಗಳೂರು