ಅಜ್ಜನ ಧ್ವನಿಯ ಬಗ್ಗೆ ನಿನಗೆ

ಚಿರಂಜೀವಿ ಮಗುವಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೆಲಸದ ಸುದ್ದಿಗೆಲ್ಲ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದಿದ್ದೀಯಲ್ಲ, “ಅತ್ತೆ, ಅಜ್ಜನ ಮುಖ ನೆನಪಾಗುತ್ತದೆ, ಧ್ವನಿ ಮಾತ್ರ ನೆನಪಾಗುವುದಿಲ್ಲ. ಅವರನ್ನು ಮರೆಯುತ್ತಿದ್ದೇನೆಯೇ?” ಎಂದು, ಆ ಸಾಲು ನನ್ನನ್ನು ಬಿಡುತ್ತಿಲ್ಲ. ದೀಪ ಆರಿಸಿದ ಮೇಲೆ ನಾನೂ ನೆನಪಿಸಿಕೊಳ್ಳಲು ನೋಡಿದೆ. ಕೇಳಿಸಿದ್ದು ಅಪ್ಪನ ಧ್ವನಿಯಲ್ಲ, ಮೇಷ್ಟ್ರ ಧ್ವನಿ.

ತರಗತಿಯಲ್ಲಿ ನಾನೂ ಅವರನ್ನು ‘ಸರ್’ ಎಂದೇ ಕರೆಯಬೇಕಿತ್ತು. ಉಕ್ತಲೇಖನ ಕೊಡುವಾಗ ಪ್ರತಿ ವಾಕ್ಯವನ್ನೂ ಮೂರು ಸಲ ಹೇಳುತ್ತಿದ್ದರು: ಮೊದಲು ಪೂರ್ತಿಯಾಗಿ, ಆಮೇಲೆ ತುಂಡುತುಂಡಾಗಿ, ಕೊನೆಗೆ ನಾವು ತಿದ್ದಿಕೊಳ್ಳಲೆಂದು. ಮಹಾಪ್ರಾಣ ಬಂದ ಕಡೆ ಕೊನೆಯ ಬೆಂಚಿಗೂ ಕೇಳುವಂತೆ ಉಸಿರನ್ನು ಒತ್ತುತ್ತಿದ್ದರು. ಅಷ್ಟಾದರೂ ನಾನು ಹೊಟ್ಟೆ ಸೀಳದೆಯೇ ‘ಧ’ ಬರೆದಿಟ್ಟು, ಕೆಂಪು ಶಾಯಿಯ ಸುತ್ತು ಹಾಕಿಸಿಕೊಳ್ಳುತ್ತಿದ್ದೆ. ಆ ಧ್ವನಿ ಈಗಲೂ ಕಿವಿಯಲ್ಲಿದೆ. ಮನೆಯಲ್ಲಿ ಅವರು ಹೇಗೆ ಮಾತನಾಡುತ್ತಿದ್ದರು ಎಂಬುದು ನನಗೆ ಅಷ್ಟಾಗಿ ಉಳಿದಿಲ್ಲ. ದಿನವಿಡೀ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂರುತ್ತಿದ್ದರು. ದಿನವೆಲ್ಲ ಸರ್ ಆಗಿದ್ದವರನ್ನು ಸಂಜೆಗೆ ಅಪ್ಪನನ್ನಾಗಿ ಮಾಡಿಕೊಳ್ಳುವುದು ನನಗೆ ಬರಲೇ ಇಲ್ಲ. ಮೇಷ್ಟ್ರಾಗಬೇಕೆಂದು ಅವರಿಗೆ ಏಕೆ ಅನ್ನಿಸಿತು ಎಂದು ಒಮ್ಮೆಯಾದರೂ ಕೇಳಬಹುದಿತ್ತು. ನಿನಗೆ ಸಿಕ್ಕಿದ್ದು ನಿವೃತ್ತರಾಗಿ ಬಿಡುವಾಗಿ ಮಾತನಾಡುವ ಅಜ್ಜ. ನಿಜ ಹೇಳಲೇ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನ ಪಾಠವಿತ್ತು. ಆತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತಾನೆಷ್ಟು ಮರೆತೆನೆಂದು ತಾನೇ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಆಮೇಲಿನ ಮರೆವು ನಿಧಾನ. ಆ ಮರೆವನ್ನು ತೋರಿಸುವ ನಕ್ಷೆಯ ಗೆರೆಯನ್ನು ಬರೆದು ನಾನು ಅಂಕ ಗಿಟ್ಟಿಸಿದ್ದೂ ಉಂಟು. ಅದನ್ನು ಅಜ್ಜನಿಗೆ ಹಚ್ಚಬೇಡ, ಅವರೇನು ಅರ್ಥವಿಲ್ಲದ ಅಕ್ಷರಗಳೇ? ಬೇಕೆಂದಾಗ ನೆನಪಿಸಿಕೊಳ್ಳುವುದು ಬೇರೆ, ಎದುರಿಗೆ ಬಂದಾಗ ಗುರುತಿಸುವುದು ಬೇರೆ. ಎರಡನೆಯದೇ ಸುಲಭ ಎಂದೂ ನಮಗೆ ಕಲಿಸಿದ್ದರು. ನೂರು ಜನರ ಗದ್ದಲದಲ್ಲಿ ಅಜ್ಜ ಒಮ್ಮೆ ಕೆಮ್ಮಿದರೂ ನೀನು ತಿರುಗಿ ನೋಡುತ್ತಿದ್ದೆ. ಈಗ ಕೇಳಿಸುತ್ತಿಲ್ಲ ಎಂದರೆ ಅಳಿಸಿಹೋಗಿದೆ ಎಂದಲ್ಲ ಮಗು. ಹೀಗೆ ಬರೆಯುವಾಗ ನನಗೇ ಧೈರ್ಯ ಹೇಳಿಕೊಳ್ಳುತ್ತಿದ್ದೇನೇನೋ.

ಹಳೆಯ ಮೊಬೈಲ್‌ನಲ್ಲಿ ಅವರು ಕಳಿಸಿದ ಧ್ವನಿ ಸಂದೇಶಗಳಿದ್ದರೆ ಇನ್ನೆರಡು ಕಡೆ ಉಳಿಸಿಡು. ಇದು ನಿನಗೆ ಗೊತ್ತಿರುವುದೇ. ಬೀಳ್ಕೊಡುಗೆ ಸಮಾರಂಭದ ಕ್ಯಾಸೆಟ್ ನನ್ನ ಬಳಿ ಇದೆ. ಟೇಪು ಹಳತಾಗಿದೆ, ಸಿಕ್ಕ ಯಂತ್ರಕ್ಕೆ ತುರುಕಿದರೆ ಸಿಕ್ಕಿಕೊಂಡು ಹರಿದೀತು ಎಂಬ ಭಯಕ್ಕೆ ನಾನು ಹಾಕಿಲ್ಲ. ಕಂಪ್ಯೂಟರಿಗೆ ಇಳಿಸಿಕೊಡುವವರು ಗೊತ್ತಿದ್ದರೆ ಹೇಳು. ಕೇಳಿದ ಕೂಡಲೇ ಅಳು ಬಂದರೆ ನನ್ನನ್ನು ಬೈಯಬೇಡ; ಕೇಳಲೇಬೇಕೆಂದೂ ಇಲ್ಲ.

ಇನ್ನೊಂದು, ಇದು ಸಲಹೆಯೋ ತಮಾಷೆಯೋ ನನಗೇ ತಿಳಿಯದು. ಪ್ರತಿ ತರಗತಿಯಲ್ಲೂ ಮೇಷ್ಟ್ರ ಅನುಕರಣೆ ಮಾಡುವ ಒಬ್ಬ ತರಲೆ ಇದ್ದೇ ಇರುತ್ತಾನೆ. ನಮ್ಮ ತರಗತಿಯವನು ಬಿಡುವಿನ ವೇಳೆಯಲ್ಲಿ ಮೇಜು ಹತ್ತಿ ಉಕ್ತಲೇಖನ ಕೊಡುತ್ತಿದ್ದ, ಮೂರೂ ಸಲ, ಉಸಿರು ಒತ್ತಿ! ಒಮ್ಮೆ ಅಪ್ಪ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, “ಎರಡನೆಯ ವಾಕ್ಯ ಅವಸರವಾಯಿತು” ಎಂದಿದ್ದರು. ಅವನಿಗೂ ಈಗ ಮೊಮ್ಮಕ್ಕಳಾಗಿವೆ. ದೂರವಾಣಿ ಸಂಖ್ಯೆ ಕಳಿಸುತ್ತೇನೆ, ಮಾತನಾಡು. ನಾಚಿಕೊಂಡರೆ ನಾನು ಹೇಳಿದೆನೆಂದು ಹೇಳು, ಮಾಡಿ ತೋರಿಸುತ್ತಾನೆ.

ನಿನ್ನ ಅತ್ತೆ