ಐದು ತುಂಬಿದರೆ ಕೂಸು ಅವರದಾಗುವುದಿಲ್ಲ

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬೆಂಗಳೂರಿನಲ್ಲಿ ನಿನ್ನ ಗಂಡನ ಮನೆಯಲ್ಲಿ ಏನಾಯಿತು, ಯಾರು ಏನಂದರು ಎಂಬುದೆಲ್ಲ ನನಗೂ ನಿನ್ನ ಅಮ್ಮನಿಗೂ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದಿಲ್ಲ. ಕೊನೆಯಲ್ಲಿ ನೀನು ಬರೆದ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಡಿಸೆಂಬರ್‌ಗೆ ಕೂಸಿಗೆ ಐದು ತುಂಬುತ್ತದೆ ದೊಡ್ಡಮ್ಮ, ಆಮೇಲೆ ಕೋರ್ಟೇ ಅವರ ಕೈಗೆ ಕೊಡುತ್ತದಂತೆ. ಅಷ್ಟರೊಳಗೆ ಅವರು ಕಳಿಸಿದ ವಿಚ್ಛೇದನದ ಬಾಂಡ್ ಪೇಪರಿಗೆ ಸಹಿ ಹಾಕಿಬಿಡುತ್ತೇನೆ. ಏನೂ ಬೇಡ, ಮಗು ಉಳಿದರೆ ಸಾಕು."

ಸಹಿ ಹಾಕಬೇಡ. ಉಳಿದದ್ದು ಆಮೇಲೆ.

ನಿನ್ನ ಅತ್ತೆ ಹೇಳಿದ ಐದು ವರ್ಷದ ಮಾತು ಎಲ್ಲಿಂದ ಬಂತು ಎಂದು ಹೇಳುತ್ತೇನೆ. 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವದ ಕಾಯ್ದೆಯ 6ನೇ ಕಲಂನಲ್ಲಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿ ಇರತಕ್ಕದ್ದು ಎಂದಿದೆ. ಇರುವುದು ಅಷ್ಟೇ. ಐದು ತುಂಬಿದ ದಿನ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದು ಆ ಕಲಂನಲ್ಲಿಯೂ ಇಲ್ಲ, ಬೇರೆಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ. ಐದರೊಳಗಿನ ಮಗುವಿನ ವಿಷಯದಲ್ಲಿ ತಾಯಿ ಯಾಕೆ ಬೇಡ ಎಂಬುದನ್ನು ತಂದೆ ತೋರಿಸಬೇಕು. ಐದು ದಾಟಿದ ಮೇಲೆ ಆ ಒಂದು ಅನುಕೂಲ ಕಡಿಮೆಯಾಗುತ್ತದೆ, ಇಬ್ಬರನ್ನೂ ಸಮನಾಗಿ ನೋಡುತ್ತಾರೆ. ಸಮನಾಗಿ ನೋಡಿದರೂ ಇಷ್ಟು ವರ್ಷ ಮಗುವನ್ನು ಎಬ್ಬಿಸಿ, ಉಣ್ಣಿಸಿ, ಶಾಲೆಗೆ ಕಳಿಸಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ನೀನೇ ತಾನೆ?

ನನ್ನ ವಕೀಲಿಕೆಯ ಮೊದಮೊದಲ ವರ್ಷಗಳಲ್ಲಿ ಈ ಭಯಕ್ಕೆ ಕಾರಣ ಇತ್ತು. ತಂದೆಯೇ ಸಹಜ ಪೋಷಕ, "ಅವನ ನಂತರ" ತಾಯಿ ಎಂಬ ಮಾತನ್ನು, ಅವನು ಸತ್ತ ಮೇಲೆ ಎಂದೇ ಓದುತ್ತಿದ್ದರು. ತಾಯಿಯ ಸಹಿಗೆ ಬೆಲೆ ಇರಲಿಲ್ಲ. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ಹಣ ಹೂಡುವ ಬಾಂಡ್ ಕೊಳ್ಳಲು ಅರ್ಜಿ ಹಾಕಿದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಬದುಕಿದ್ದೂ ಮಗುವಿನ ಹೊಣೆ ನೋಡದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು 1999ರಲ್ಲಿ ತೀರ್ಪು ಬಂತು. ಅದಕ್ಕೂ ಮೊದಲು ಎಷ್ಟು ಹೆಂಗಸರು ಹೆದರಿ ಬರೆದುಕೊಟ್ಟಿದ್ದರು. ಅವರು ವಕೀಲರ ಬಳಿ ಬರುತ್ತಿದ್ದುದು ಸಹಿ ಹಾಕಿದ ಮೇಲೆ. ಮೊದಲೇ ಯಾರಾದರೂ ಹೇಳಬಾರದಿತ್ತೇ ಎಂಬ ಕೊರಗು ನನಗೆ ಇವತ್ತಿಗೂ ಇದೆ. ನೀನು ಸಹಿಗೆ ಮೊದಲೇ ಬರೆದೆಯಲ್ಲ, ಅಷ್ಟು ಒಳ್ಳೆಯದಾಯಿತು.

ಆ ಬಾಂಡ್ ಪೇಪರಿನ ಬಗ್ಗೆ. ನಮ್ಮ ಮದುವೆಗಳು ನೋಟರಿಯ ಮುಂದೆ ಮುರಿಯುವುದಿಲ್ಲ. ಇನ್ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಹಿರಿಯರೆಲ್ಲ ಸಾಕ್ಷಿ ಹಾಕಿದರೂ ಅದು ವಿಚ್ಛೇದನವಲ್ಲ. ಕೋರ್ಟಿನ ಡಿಕ್ರಿ ಬೇಕೇ ಬೇಕು. ಆದರೆ "ಜೀವನಾಂಶ ಬೇಡ, ಒಡವೆ ಎಲ್ಲ ಮುಟ್ಟಿದೆ" ಎಂದು ನೀನು ಅದರಲ್ಲಿ ಬರೆದುಕೊಟ್ಟರೆ ಮುಂದೆ ಪಾಟೀ ಸವಾಲಿನಲ್ಲಿ ಅದನ್ನೇ ನಿನ್ನ ಮುಂದೆ ಹಿಡಿಯುತ್ತಾರೆ. ಮಗುವಿನ ಜೀವನಾಂಶ ಮಗುವಿನ ಹಕ್ಕು, ತಾಯಿ ಬೇಡ ಎಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಇನ್ನು "ಮಗು ತಾಯಿಯ ಬಳಿ ಇರಲಿ" ಎಂಬ ಅವರ ಸಾಲು? ಕೋರ್ಟಿನ ಆದೇಶವಿಲ್ಲದೆ ಅದಕ್ಕೆ ಬಲವಿಲ್ಲ. ಆರು ತಿಂಗಳ ನಂತರ ಅವರು ಸುಪರ್ದಿಗೆ ಅರ್ಜಿ ಹಾಕಿದರೆ ತಡೆಯುವವರಿಲ್ಲ. ಅಂದರೆ ನೀನು ಎಲ್ಲ ಬಿಟ್ಟುಕೊಟ್ಟೂ ಯಾವುದಕ್ಕೆ ಹೆದರಿದೆಯೋ ಅದು ಹಾಗೇ ಉಳಿಯುತ್ತದೆ. ನನಗೆ ನಿದ್ದೆ ಬಾರದಿರುವುದು ಇದಕ್ಕೇ.

ನಿಮ್ಮಿಬ್ಬರಿಗೂ ಬೇರೆಯಾಗುವುದೇ ಸರಿ ಅನ್ನಿಸಿದರೆ ಪರಸ್ಪರ ಒಪ್ಪಿಗೆಯ ದಾರಿ ಇದೆ, ಹಿಂದೂ ವಿವಾಹ ಕಾಯ್ದೆಯ 13ಬಿ. ಬೇರೆ ಇದ್ದು ಒಂದು ವರ್ಷ ಆಗಿರಬೇಕು. ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಟ್ಟು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಡವುವುದು ದುಡ್ಡಿನಲ್ಲಿ. ಎರಡನೇ ಬಾರಿ ಒಪ್ಪಿಗೆ ಹೇಳಿ ಡಿಕ್ರಿಯಾದ ಮೇಲೆ ಕೊಡುತ್ತೇವೆ ಎಂದವರು ಕೊಡುವುದಿಲ್ಲ. ಮೊದಲ ಅರ್ಜಿಯ ಹೊತ್ತಿಗೆ ಒಂದು ಭಾಗ, ಉಳಿದದ್ದು ಕೊನೆಯ ದಿನ ನ್ಯಾಯಾಧೀಶರ ಮುಂದೆಯೇ ಡಿಡಿ ಮೂಲಕ, ಎಂದು ಅರ್ಜಿಯಲ್ಲೇ ಬರೆಸು. ಮಗು ಯಾರ ಬಳಿ, ತಂದೆ ಯಾವ ವಾರ ಎಷ್ಟು ಗಂಟೆಗೆ ನೋಡಬೇಕು ಎಂಬುದೂ ಅದರಲ್ಲೇ ಇರಲಿ. ನಿಮಗಿನ್ನೂ ಒಂದು ವರ್ಷ ಆಗಿಲ್ಲ, ಹಾಗಾಗಿ ಇದರ ಅವಸರ ಈಗಿಲ್ಲ.

ಮತ್ತೆ ಕೂಸಿನ ವಿಷಯಕ್ಕೇ ಬರುತ್ತೇನೆ. "ನನಗೆ ಸಂಬಳವಿಲ್ಲ, ಅವರಿಗೆ ಮನೆ ಇದೆ, ಕಾರಿದೆ" ಎಂದು ಬರೆದಿದ್ದೀಯ. ಸಂಬಳ ನೋಡಿ ಮಗುವನ್ನು ಕೊಡುವುದಿಲ್ಲ. ಗಳಿಸುವವನು ಖರ್ಚು ಕೊಡಲಿ, ಸಾಕುವವರು ಸಾಕಲಿ ಎಂಬುದೇ ಜೀವನಾಂಶದ ಅರ್ಥ. ಕೋರ್ಟು ನೋಡುವುದು ದಿನನಿತ್ಯದ ಸಣ್ಣ ಸಣ್ಣ ಕಾಗದ. ತಾಯಿ ಕಾರ್ಡ್ ತೆಗೆದಿಡು, ಅದರ ಲಸಿಕೆಯ ಪುಟ ಮುಖ್ಯ. ಮಕ್ಕಳ ಡಾಕ್ಟರ ಚೀಟಿಗಳು, ಶಾಲೆಯ ಡೈರಿಯಲ್ಲಿ ಪ್ರತಿ ವಾರ ಯಾರ ಸಹಿ ಇದೆ ಎಂಬುದು, ಐಡಿ ಕಾರ್ಡಿನ ಹಿಂದೆ ಯಾರ ಫೋನ್ ನಂಬರ್ ಇದೆ ಎಂಬುದು, ಫೀಸಿನ ರಸೀದಿ, ಇವೆಲ್ಲ ಬೇಕಾಗುತ್ತವೆ. ವಾಟ್ಸಾಪ್ ಮಾತುಗಳನ್ನು ಅಳಿಸಬೇಡ, ಫೋನ್ ಬದಲಾಯಿಸಬೇಡ. ಸ್ಕ್ರೀನ್‌ಶಾಟ್ ಹಾಜರುಪಡಿಸುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ಅದಿಲ್ಲದೆ ಎದುರಿನವರು ಆಕ್ಷೇಪಣೆ ಎತ್ತುತ್ತಾರೆ.

ನ್ಯಾಯಾಧೀಶರು ಮಗುವನ್ನು ಛೇಂಬರಿಗೆ ಕರೆದು ಮಾತಾಡಿಸಬಹುದು. ಐದರ ಮಗುವಿನ ಇಷ್ಟವನ್ನೇ ತೀರ್ಪು ಮಾಡುವುದಿಲ್ಲ, ಬುದ್ಧಿ ಬಲಿತ ಮಗುವಿನ ಮಾತಿಗೆ ತೂಕ ಹೆಚ್ಚು. ಚಿಕ್ಕ ಮಕ್ಕಳನ್ನು ಕೇಳುವುದು ಬೆಳಿಗ್ಗೆ ಏನು ತಿಂದೆ, ರಾತ್ರಿ ಯಾರ ಪಕ್ಕ ಮಲಗುತ್ತೀ, ಶಾಲೆಯಲ್ಲಿ ನಿನ್ನ ಗೆಳತಿ ಯಾರು, ಇಂಥದ್ದು. "ಅಪ್ಪ ಕೆಟ್ಟವರು" ಎಂದು ಹೇಳಿಕೊಟ್ಟ ಮಾತು ಬಾಯಿಗೆ ಬಂದರೆ ಅದು ಯಾರ ಮಾತು ಎಂದು ಅವರಿಗೆ ತಕ್ಷಣ ತಿಳಿಯುತ್ತದೆ, ಹೇಳಿಕೊಟ್ಟವರಿಗೇ ಪೆಟ್ಟು. ಅಜ್ಜಿಗೂ ಇದನ್ನು ಹೇಳು, ಮಗುವಿನ ಎದುರು ಅವಳು ಅಳಿಯನನ್ನು ಬೈಯುವುದು ಬೇಡ.

ಇನ್ನೊಂದನ್ನು ಹೇಳಲು ನನಗೇ ಸಂಕೋಚ. ನೀನು ಬೇಸರ ಮಾಡಿಕೊಳ್ಳಬೇಡ. ಹೋದ ತಿಂಗಳು ನಿನ್ನ ಗಂಡ ತೀರ್ಥಹಳ್ಳಿಯ ನಿನ್ನ ತವರಿಗೆ ಬಂದಾಗ ಕೂಸನ್ನು ತೋಟದ ಮನೆಗೆ ಕಳಿಸಿ "ಊರಲ್ಲಿಲ್ಲ" ಎಂದೆಯಂತೆ. ಅದು ಭಯದಿಂದ ಮಾಡಿದ್ದು ಎಂದು ನನಗೆ ಗೊತ್ತು. ಆದರೆ ಕೂಸಿನ ಸುಪರ್ದಿಗೆ ಐದನೇ ಹುಟ್ಟುಹಬ್ಬಕ್ಕಿಂತ ದೊಡ್ಡ ಅಪಾಯ ಅದು. ತಂದೆಯನ್ನು ಮಗುವಿನಿಂದ ದೂರ ಇಡುವ ತಾಯಿ ಎಂಬ ಹೆಸರು ಒಮ್ಮೆ ದಾಖಲೆಗೆ ಬಂದರೆ ಅಳಿಸುವುದು ಕಷ್ಟ. ನೀನೇ ಒಂದು ಮೆಸೇಜ್ ಹಾಕು: ಭಾನುವಾರ ಹತ್ತರಿಂದ ಒಂದರವರೆಗೆ ಮನೆಗೆ ಬಂದು ನೋಡಬಹುದು, ಬುಧವಾರ ಸಂಜೆ ಏಳಕ್ಕೆ ವಿಡಿಯೊ ಕರೆ ಮಾಡಬಹುದು. ಕರೆ ಮಾಡಲಿ, ಬಿಡಲಿ, ನೀನು ಹೇಳಿದ್ದು ಉಳಿಯುತ್ತದೆ. ಕರೆದುಕೊಂಡು ಹೋಗಿಬಿಡುತ್ತಾನೆ ಎಂಬ ಅನುಮಾನವಿದ್ದರೆ ಭೇಟಿ ಮನೆಯ ಜಗಲಿಯಲ್ಲೇ ಇರಲಿ, ನಿನ್ನ ಅಪ್ಪ ಹತ್ತಿರದಲ್ಲಿರಲಿ. ಕೇಸು ನಡೆಯುವಾಗ ಕೋರ್ಟ್ ಆವರಣದಲ್ಲಿ ಭೇಟಿಗೆ ವ್ಯವಸ್ಥೆ ಮಾಡಿಕೊಡಿ ಎಂದು ಕೇಳಬಹುದು.

ಒಂದು ವೇಳೆ ಅವನು ಮಗುವನ್ನು ಎತ್ತಿಕೊಂಡು ಹೋದನೇ ಅನ್ನು, ಕಾಯಬೇಡ. ಪೊಲೀಸರು "ಇದು ಗಂಡ ಹೆಂಡಿರ ವಿಷಯ" ಎನ್ನಬಹುದು, ಆದರೂ ದೂರು ಕೊಟ್ಟು ಹಿಂಬರಹ ಪಡೆ. 1890ರ ಪೋಷಕರ ಮತ್ತು ಪಾಲಿತರ ಕಾಯ್ದೆಯ 12ನೇ ಕಲಂನಲ್ಲಿ ಮಧ್ಯಂತರ ಸುಪರ್ದಿ ಕೇಳಬಹುದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟರೂ ತಾತ್ಕಾಲಿಕ ಸುಪರ್ದಿ ಕೊಡಬಲ್ಲರು. ಮಗುವನ್ನು ಇಟ್ಟುಕೊಂಡಿರುವುದು ಕಾನೂನುಬಾಹಿರವಾದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ತಂದು ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಕೂಡ ಇದೆ. ವಾರ ಕಳೆದಂತೆ ಮಗು ಅಲ್ಲಿ ಹೊಂದಿಕೊಳ್ಳುತ್ತದೆ, ಅಲ್ಲಿಯ ಶಾಲೆಗೆ ಸೇರುತ್ತದೆ, ಹೊಂದಿಕೊಂಡ ಮಗುವನ್ನು ಕದಲಿಸಲು ಕೋರ್ಟು ಹಿಂಜರಿಯುತ್ತದೆ. ಅದೇ ಕಾರಣಕ್ಕೆ ಕೂಸು ಈಗ ನಿನ್ನ ಹತ್ತಿರ ನೆಲೆಯಾಗಿರುವುದು ನಿನ್ನ ಬಲ. ಪೋಷಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ ಹೋಗಬೇಕು. ತವರಿಗೆ ಬಂದು ಎರಡೇ ತಿಂಗಳಾಗಿದೆ, ಇದು ಬೆಂಗಳೂರಿನ ವ್ಯಾಪ್ತಿ ಎಂದು ಅವರು ವಾದಿಸುತ್ತಾರೆ. ಶಾಲೆಯ ದಾಖಲಾತಿ ಮುಗಿಸಿಬಿಡು. ನಿನ್ನ ವಿಚ್ಛೇದನದ ಅಥವಾ ಜೀವನಾಂಶದ ಅರ್ಜಿಗೆ ಈ ತೊಡಕಿಲ್ಲ, ನೀನು ಇರುವ ಜಿಲ್ಲೆಯಲ್ಲೇ ಹಾಕಬಹುದು. ವಿಚ್ಛೇದನದ ಅರ್ಜಿಯೊಳಗೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಮಗುವಿನ ಸುಪರ್ದಿ, ಶಾಲೆಯ ಖರ್ಚು ಎರಡನ್ನೂ ಕೇಳಬಹುದು.

ಅಂಚೆಯವನು ಬೆಂಗಳೂರಿನ ಕೋರ್ಟಿನ ಸಮನ್ಸ್ ತಂದರೆ ಹಿಂದಕ್ಕೆ ಕಳಿಸಬೇಡ. "ತೆಗೆದುಕೊಳ್ಳದಿದ್ದರೆ ಕೇಸೇ ನಡೆಯುವುದಿಲ್ಲ" ಎಂದು ಊರಲ್ಲಿ ಹೇಳುತ್ತಾರೆ, ಅದು ಸುಳ್ಳು. ನಿರಾಕರಿಸಿದರೆ ಜಾರಿಯಾದಂತೆಯೇ ಲೆಕ್ಕ, ಏಕಪಕ್ಷೀಯ ಆದೇಶವಾಗುತ್ತದೆ. ಐದು ತುಂಬುವುದರಿಂದ ಮಗು ಕೈತಪ್ಪುವುದಿಲ್ಲ, ವಾಯಿದೆಗೆ ಹೋಗದಿದ್ದರೆ ಕೈತಪ್ಪಬಹುದು.

ಜೀವನಾಂಶ ಕೇಳಲು ನಾಚಿಕೆ ಎಂದಿದ್ದೀಯ. ಕೂಸಿನ ಶಾಲೆ ನಡೆಯುವುದು ಅದರಿಂದ, ಹಾಗಾಗಿ ಇದೂ ಸುಪರ್ದಿಯ ಮಾತೇ. ಜೀವನಾಂಶ ಕೇಳುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ನೋಟಿಸು ಜಾರಿಯಾಗಿ 60 ದಿನದೊಳಗೆ ಮಧ್ಯಂತರ ಜೀವನಾಂಶ ತೀರ್ಮಾನಿಸಬೇಕು ಎಂದಿದೆ, ನಡೆಯುವಾಗ ಹೆಚ್ಚು ಹಿಡಿಯುತ್ತದೆ. ಸುಪ್ರೀಂ ಕೋರ್ಟಿನ 2020ರ ರಜನೀಶ್ ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಲೇಬೇಕು, ಮತ್ತು ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅದಕ್ಕೇ ತಡ ಮಾಡಿದಷ್ಟೂ ನಷ್ಟ. ನೀನು ಟ್ಯೂಷನ್ನಿನಿಂದ ಗಳಿಸುವುದನ್ನು ಅದರಲ್ಲಿ ಮುಚ್ಚಿಡಬೇಡ. ಫೋನ್‌ಪೇ ವಿವರ ತೆಗೆಸಿದರೆ ಹೊರಬರುತ್ತದೆ, ಆಮೇಲೆ ನಿನ್ನ ನಿಜವನ್ನೂ ನಂಬುವುದಿಲ್ಲ. ಎರಡು ಕಡೆ ಅರ್ಜಿ ಹಾಕಿದರೆ ಎರಡು ಪಟ್ಟು ಸಿಗುವುದಿಲ್ಲ, ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ. ಬಾಕಿ ನಿಂತರೆ ವರ್ಷದೊಳಗೆ ವಸೂಲಿ ಅರ್ಜಿ ಹಾಕು, ಅವಧಿ ಮೀರಿದ ಕಂತಿಗೆ ವಾರಂಟ್ ಸಿಗುವುದಿಲ್ಲ.

ಆಸ್ತಿ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಎಂದೇ ಹೇಳಬೇಕಾಗಿದೆ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ಫ್ಲಾಟಿನ ಪತ್ರದಲ್ಲಿ ನಿನ್ನ ಹೆಸರಿದ್ದರೆ ಆ ಪಾಲು ನಿನ್ನದು, ಸಾಲದ ಪತ್ರದಲ್ಲಿದ್ದರೆ ಸಾಲವೂ ನಿನ್ನದು, ಎರಡನ್ನೂ ತೆಗೆದು ನೋಡು. ಸ್ತ್ರೀಧನ ಪೂರ್ತಿ ನಿನ್ನದು. ಒಡವೆ ಅತ್ತೆಯ ಲಾಕರಿನಲ್ಲಿದೆ ಎಂದೆಯಲ್ಲ, ಬಿಲ್ಲು ಇಲ್ಲದಿದ್ದರೂ ಮದುವೆಯ ಫೋಟೊಗಳಲ್ಲಿ ಒಂದೊಂದನ್ನು ಗುರುತಿಸಿ ಪಟ್ಟಿ ಮಾಡು. ಅದನ್ನು ಹಿಂತಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಕೂಸಿಗೆ ಮಾತ್ರ ಅವರ ಪಿತ್ರಾರ್ಜಿತ ಜಮೀನಿನಲ್ಲಿ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯಿಂದ ಹೆಣ್ಣುಮಗುವಿಗೂ ಗಂಡಿನಷ್ಟೇ. ನಿಮ್ಮ ವಿಚ್ಛೇದನ ಅದನ್ನು ಮುಟ್ಟುವುದಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಸಿಡು. ಆ ಬಾಂಡ್ ಪೇಪರಿನಲ್ಲಿ "ಮಗುವಿನ ಹಕ್ಕುಗಳನ್ನೂ ಬಿಟ್ಟುಕೊಟ್ಟಿರುತ್ತೇನೆ" ಎಂಬ ಸಾಲಿದೆಯೇ ನೋಡು, ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ವಕೀಲರ ಫೀಸಿಗೆ ಹೆದರಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತೀರ್ಥಹಳ್ಳಿ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳು, ಇಲ್ಲವೇ 15100ಕ್ಕೆ ಕರೆ ಮಾಡು. ಹೊಡೆತ ಬಡಿತದ ವಿಷಯವನ್ನು ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಇದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ, ಅವರಿಗೆ ಹೇಳಿದರೆ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ.

ಇಷ್ಟೆಲ್ಲ ಬರೆದರೂ ನೀನು ರಾತ್ರಿ ಮತ್ತೆ ಡಿಸೆಂಬರಿನ ಲೆಕ್ಕವೇ ಹಾಕುತ್ತೀ ಎಂದು ಗೊತ್ತು. ಹಾಕುವಾಗ ಮಗುವಿನ ಕ್ಷೇಮವೇ ಮುಖ್ಯ ಎನ್ನುವ ಆ 13ನೇ ಕಲಂ ನೆನಪಿಸಿಕೋ. ಬಾಂಡ್ ಪೇಪರಿನ ಎಲ್ಲ ಪುಟಗಳ ಫೋಟೊ ಇವತ್ತೇ ಕಳಿಸು. ಸೋಮವಾರ ಕಾನೂನು ಸೇವಾ ಸಮಿತಿಗೆ ಹೋಗುವಾಗ ಮದುವೆಯ ನೋಂದಣಿ ಪತ್ರ, ಕೂಸಿನ ಜನನ ಪ್ರಮಾಣಪತ್ರ, ಎರಡು ಆಧಾರ್ ಪ್ರತಿ ಇಟ್ಟುಕೊಂಡಿರು. ಅಲ್ಲಿ ಕೊಡುವ ವಕೀಲರ ಹೆಸರು ತಿಳಿಸಿದರೆ ನಾನೇ ಅವರ ಹತ್ತಿರ ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ