ಮಟ್ಟವಾಗಿ ಕಂಡರೆ ಸಾಲದು, ಮುಂದಿನ ಚಕ್ರ ಅಳೆಯಿರಿ

ಮಾನ್ಯ ಸಂಪಾದಕರೇ,

ಕಾರಿನ ಹಿಂದೆ ಟ್ರಾವೆಲ್ ಟ್ರೇಲರ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಪ್ರವಾಸ ಹೋಗುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ತೂಕ ಹಂಚುವ ಹಿಚ್, ಅಂದರೆ ಟ್ರೇಲರನ್ನು ಗಾಡಿಗೆ ಜೋಡಿಸಿ ಅದರ ಭಾರವನ್ನೂ ಹಂಚುವ ಕೊಂಡಿ, ಅದರ ವಿಷಯ ಒಂದೆರಡು ಸಾಲಿನಲ್ಲಿ ಮುಗಿದುಹೋಗಿದೆ. ಹಿಚ್ ಹಾಕಿಸಿ, ಗಾಡಿ ಮತ್ತು ಟ್ರೇಲರ್ ಒಂದೇ ಮಟ್ಟದಲ್ಲಿ ಕಂಡರೆ ಎಲ್ಲಾ ಸರಿ ಅಂತ. ಇದೇ ಮಾತು ನಂಬಿ ನಾನೂ ಒಂದು ಸಲ ಹೊರಟಿದ್ದೆ, ಅದಕ್ಕೇ ಈ ಪತ್ರ.

ಅಂಗಡಿಯವರೇ ಹಿಚ್ ಆರಿಸಿ ಹಾಕಿಕೊಟ್ಟಿದ್ದರು. ಪಕ್ಕದಿಂದ ನೋಡಿದರೆ ಗೆರೆ ಎಳೆದ ಹಾಗೆ ಮಟ್ಟ. ಕತ್ತಲಾದ ಮೇಲೆ ಎದುರಿಗೆ ಬರುವವರೆಲ್ಲ ನನಗೆ ಲೈಟ್ ಹೊಡೆಯತೊಡಗಿದರು, ಹೈ ಬೀಮ್ ಬಿಟ್ಟುಕೊಂಡಿದ್ದೇನಾ ಅಂತ ಎರಡು ಸಲ ನೋಡಿದೆ, ಇಲ್ಲ. ಆಮೇಲೆ ಮಳೆ ಬಂತು. ಸ್ಟೀರಿಂಗ್ ಬೆಣ್ಣೆಯ ಹಾಗೆ ಹಗುರ, ತಿರುವಿನಲ್ಲಿ ಗಾಡಿ ತಿರುಗುವುದಕ್ಕೆ ಮೊದಲು ಒಂದು ಕ್ಷಣ ಯೋಚಿಸುತ್ತಿದೆಯೇನೋ ಅನ್ನಿಸಿತು. ಎದೆ ಢವಢವ. ಎಳೆಯುವ ಗಾಡಿಗಳಲ್ಲಿ ಬಹಳಷ್ಟು ಖಾಲಿ ಇದ್ದಾಗ ಹಿಂಭಾಗ ಎತ್ತರ ಇಟ್ಟುಕೊಂಡೇ ಬಂದಿರುತ್ತವೆ. ನನ್ನದೂ ಹಾಗೇ. ಟ್ರೇಲರ್ ಹೊತ್ತು ಹಿಂದೆ ಕುಸಿದು, ಮುಂದೆ ಎದ್ದಾಗ ಅದು ಮಟ್ಟವಾಗಿ ಕಂಡಿತು, ಅಷ್ಟೇ.

ಎತ್ತಿನ ಗಾಡಿಗೆ ಸಾಮಾನು ಹೇರಿದವರಿಗೆ ಮೂಕಿ ಭಾರ ಅಂದರೆ ಗೊತ್ತಿರುತ್ತದೆ. ಜಾಸ್ತಿಯಾದರೆ ಎತ್ತಿನ ಕತ್ತಿನ ಮೇಲೆ ಬೀಳುತ್ತದೆ, ಕಡಿಮೆಯಾದರೆ ಮೂಕಿಯೇ ಮೇಲೇಳುತ್ತದೆ. ಟ್ರೇಲರಿಗೂ ಅದೇ ಲೆಕ್ಕ. ಹೇರಿದ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮೂಕಿಯ ಮೇಲೆ, ಅಂದರೆ ಗಾಡಿಯ ಹಿಂದೆ ಟ್ರೇಲರ್ ಕೂರುವ ಉಕ್ಕಿನ ಗುಂಡಿನ (ಹಿಚ್ ಬಾಲ್) ಮೇಲೆ ಇರಬೇಕು. ನನ್ನ ಟ್ರೇಲರ್ 3,000 ಕೆಜಿ, ಮೂಕಿ ಭಾರ 360 ಕೆಜಿ. ಬಾಲ್ ಇರುವುದು ಹಿಂದಿನ ಆಕ್ಸಲ್‌ನಿಂದ 1.5 ಮೀಟರ್ ಹಿಂದೆ. ಎರಡು ಆಕ್ಸಲ್‌ಗಳ ನಡುವಿನ ದೂರ 3.6 ಮೀಟರ್. ಸನ್ನೆಗೋಲಿನ ಲೆಕ್ಕ ಹಾಕಿ: 360ನ್ನು 1.5ರಿಂದ ಗುಣಿಸಿ 3.6ರಿಂದ ಭಾಗಿಸಿದರೆ 150. ಅಷ್ಟು ಕೆಜಿ ಮುಂದಿನ ಚಕ್ರಗಳಿಂದ ಎದ್ದು ಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ 360 ಅಲ್ಲ, 510 ಬೀಳುತ್ತದೆ. ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ದೊಡ್ಡ ಕೆಲಸ ಮಾಡುವುದೂ ಅದೇ. ಲೈಟು ಆಕಾಶ ನೋಡುವುದು ಇದರ ಜೊತೆಗೆ ಉಚಿತ.

ತೂಕ ಹಂಚುವ ಹಿಚ್ ಈ 150ರಲ್ಲಿ ಒಂದಿಷ್ಟನ್ನು ವಾಪಸ್ ಮುಂದಕ್ಕೆ ತಳ್ಳುತ್ತದೆ. ಹಿಚ್‌ನ ತಲೆಯಿಂದ ಎರಡು ಸ್ಪ್ರಿಂಗ್ ಬಾರ್, ಅಂದರೆ ಬಾಗಬಲ್ಲ ಉಕ್ಕಿನ ಸಲಾಕೆ, ಹೊರಟು ಟ್ರೇಲರಿನ ಮುಂದಿನ ಚೌಕಟ್ಟಿನ ಕಡೆ ಹೋಗುತ್ತವೆ, ಅವುಗಳ ತುದಿಯನ್ನು ಚೈನ್ ಹಾಕಿ ಮೇಲಕ್ಕೆ ಎಳೆದು ಬಿಗಿಯುತ್ತಾರೆ. ಒಂಟಿ ಚಕ್ರದ ತಳ್ಳುಗಾಡಿಯ ಹಿಡಿ ಎತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದಲ್ವಾ, ಹಾಗೆ. ಒಂದು ಪಾಲು ಗಾಡಿಯ ಮುಂದಿನ ಆಕ್ಸಲ್‌ಗೆ, ಇನ್ನೊಂದು ಪಾಲು ಟ್ರೇಲರಿನ ಸ್ವಂತ ಚಕ್ರಗಳಿಗೆ. ಒಟ್ಟು ತೂಕ ಒಂದು ಗ್ರಾಂ ಕೂಡ ಕಡಿಮೆ ಆಗುವುದಿಲ್ಲ. ಹಿಚ್ ಹಾಕಿದ್ದೇನೆ, ಇನ್ನು ಎಷ್ಟು ಬೇಕಾದರೂ ಎಳೆಯಬಹುದು ಅನ್ನುವವರನ್ನು ನೋಡಿದ್ದೇನೆ. ಗಾಡಿ, ಹಿಚ್ ಸಿಕ್ಕಿಸುವ ಗಾಡಿಯ ಹಿಂದಿನ ರಿಸೀವರ್, ಬಾಲ್, ಹಿಚ್ ಎಲ್ಲದಕ್ಕೂ ಅದರದರ ಮಿತಿ ಇರುತ್ತದೆ, ಅದರಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ನಿಮ್ಮ ಮಿತಿ.

ನನ್ನ ಅಂಗಡಿಯವರು ಎಡವಿದ್ದು ಇಲ್ಲಿ. ಕಂಪನಿ ಪುಸ್ತಕದಲ್ಲಿ ಟ್ರೇಲರ್ ತೂಕ 2,400 ಕೆಜಿ ಅಂತಿತ್ತು, ಆ ಲೆಕ್ಕಕ್ಕೆ 300 ಕೆಜಿ ಮೂಕಿ ಭಾರ ತಾಳುವ ಬಾರ್ ಹಾಕಿದರು. ಆ 2,400 ಖಾಲಿ ಟ್ರೇಲರಿನ ತೂಕ. ನೀರು ಲೀಟರಿಗೆ ಒಂದು ಕೆಜಿ, ತೊಟ್ಟಿ ತುಂಬಿದರೆ ಅದೇ ನೂರಾರು ಕೆಜಿ. ಗ್ಯಾಸ್ ಸಿಲಿಂಡರ್ ಮತ್ತು ಬ್ಯಾಟರಿ ಕೂರುವುದು ನೇರ ಮೂಕಿಯ ಮೇಲೆಯೇ. ಹಾಸಿಗೆ, ಪಾತ್ರೆ, ಮಕ್ಕಳ ಸೈಕಲ್ ಬೇರೆ. ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ಬೇರೆ ದಾರಿ ಇಲ್ಲ. ಡಿಕ್ಕಿಯಲ್ಲಿ, ಅಂದರೆ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಇಡುವ ಸಾಮಾನನ್ನೂ ಮೂಕಿ ಭಾರಕ್ಕೆ ಕೂಡಿಸಿಕೊಳ್ಳಬೇಕು. ನನ್ನದು 360ಕ್ಕೆ 80 ಸೇರಿ 440 ಆಯಿತು. ಬಾರ್ ಅದಕ್ಕೆ ಸರಿಯಾಗಿ ಅಥವಾ ಸ್ವಲ್ಪ ಮೇಲಿದ್ದರೆ ಸಾಕು. ಇರಲಿ ಅಂತ ಸುಮ್ನೆ ದುಪ್ಪಟ್ಟು ತಾಕತ್ತಿನದು ತಂದರೆ ಬಾರ್ ಬಾಗುವುದೇ ಇಲ್ಲ, ರಸ್ತೆಯ ಪ್ರತಿ ಗುಂಡಿಯ ಹೊಡೆತ ಟ್ರೇಲರಿನ ಚೌಕಟ್ಟಿಗೆ ಬಡಿಯುತ್ತದೆ.

ಇನ್ನೊಂದು ಮಾತು, ಇದನ್ನು ಮೊದಲೇ ಹೇಳಬೇಕಿತ್ತು. ಹಿಚ್ ಕೊಳ್ಳುವ ಮುಂಚೆ ಗಾಡಿಯ ಮ್ಯಾನುಯಲ್ ಓದಿ. ಕೆಲವು ಗಾಡಿಗಳಿಗೆ ಇಂಥ ಹಿಚ್ ಹಾಕಲೇಬಾರದು ಅಂತ ಕಂಪನಿಯೇ ಬರೆದಿರುತ್ತದೆ. ಟ್ರೇಲರ್ ಮುಂದಕ್ಕೆ ಒತ್ತಿದಾಗ ತಾನಾಗಿ ಹಿಡಿಯುವ ಸರ್ಜ್ ಬ್ರೇಕ್ ಇದ್ದರೂ ಕೇಳಿ ನೋಡಿ, ಎಲ್ಲಾ ಹಿಚ್ ಅದಕ್ಕೆ ಹೊಂದುವುದಿಲ್ಲ.

ಕೂರಿಸುವ ಕೆಲಸದಲ್ಲಿ ನಾನು ಹೇಳುವುದು ಒಂದು ಅಳತೆ ಟೇಪಿನ ಬಗ್ಗೆ. ಸಮ ನೆಲ, ಟೈರಿಗೆ ಸರಿಯಾದ ಗಾಳಿ, ಪೂರ್ತಿ ಸಾಮಾನು. ಮುಂದಿನ ಚಕ್ರದ ನಡುವಿನ ನೇರಕ್ಕೆ ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ, ಮೂರು ಸಲ. ಟ್ರೇಲರ್ ಕಟ್ಟುವ ಮುಂಚೆ ನನ್ನದು 90 ಸೆಂ.ಮೀ. ಕಟ್ಟಿ, ಬಾರ್ ಹಾಕದೆ ಅಳೆದಾಗ 94. ಅಂಗಡಿಯವರು ಬಿಗಿದುಕೊಟ್ಟ ಬಾರ್ ಹಾಕಿದಾಗ 93, ಅಂದರೆ ಏನೂ ಆಗಿಲ್ಲ ಅಂತಲೇ ಲೆಕ್ಕ. ಎದ್ದಿದ್ದರಲ್ಲಿ ಎಷ್ಟು ಇಳಿಯಬೇಕು ಅನ್ನುವುದನ್ನು ಗಾಡಿ ಕಂಪನಿ ಹೇಳುತ್ತದೆ, ಕೆಲವರು ಅರ್ಧ ಅನ್ನುತ್ತಾರೆ, ಕೆಲವರು ಪೂರ್ತಿ. ನನ್ನ ಗಾಡಿಗೆ ಅರ್ಧ, ಈಗ 92ಕ್ಕೆ ನಿಲ್ಲಿಸಿದ್ದೇನೆ. 90ಕ್ಕಿಂತ ಕೆಳಗೆ ಮಾತ್ರ ಯಾವತ್ತೂ ಹೋಗಬಾರದು, ಆಗ ಹಿಂದಿನ ಚಕ್ರ ಹಗುರಾಗಿ ಒದ್ದೆ ರಸ್ತೆಯಲ್ಲಿ ಬಾಲ ಜಾರುತ್ತದೆ. ಇಳಿದದ್ದು ಸಾಲದಿದ್ದರೆ ಬಾರ್ ಎಳೆದು ಹಿಡಿಯುವ ಚೈನನ್ನು ಒಂದು ಕೊಂಡಿ ಗಿಡ್ಡ ಮಾಡಿ ಸಿಕ್ಕಿಸಿ, ಆಗಲೂ ಸಾಲದಿದ್ದರೆ ವಾಷರ್ ಸೇರಿಸಿ ಹಿಚ್ ತಲೆಯನ್ನು ಇನ್ನಷ್ಟು ಹಿಂದಕ್ಕೆ ಬಾಗಿಸಬೇಕು. ಒಂದೊಂದೇ ಬದಲಾಯಿಸಿ, ಮತ್ತೆ ಅಳೆಯಿರಿ. ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು, ಸಹಾಯಕ್ಕೆ ನಿಂತಿದ್ದ ಮಗ ಬೇಸತ್ತು ಒಳಗೆ ಹೋದ.

ಬಾಲ್ ಅಳತೆಯೂ ನೋಡಿಕೊಳ್ಳಿ. 2 ಇಂಚು ಮತ್ತು 2 5/16 ಇಂಚಿನ ಬಾಲ್ ದೂರದಿಂದ ಒಂದೇ ಥರ ಕಾಣುತ್ತವೆ, ಬಾಲ್ ಮೇಲೆ ಕೂರುವ ಟ್ರೇಲರಿನ ಬಟ್ಟಲು, ಅಂದರೆ ಕಪ್ಲರ್, ದೊಡ್ಡದಿದ್ದು ಅದಕ್ಕೆ ಚಿಕ್ಕ ಬಾಲ್ ಸಿಕ್ಕಿಸಿದರೆ ಗುಂಡಿಯಲ್ಲಿ ಎಗರಿ ಬಿಡಿಸಿಕೊಳ್ಳಬಹುದು. ಅಳತೆ ಬಾಲ್ ಮೇಲೆಯೇ ಕೊರೆದಿರುತ್ತದೆ. ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ, ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ವ್ರೆಂಚ್ ಬೇಕು, ಮೊದಲ ಪ್ರಯಾಣ ಆದ ಮೇಲೆ ಇನ್ನೊಮ್ಮೆ ನೋಡಿ. ಬಾರ್ ಸಿಕ್ಕಿಸುವಾಗ ಕಪ್ಲರಿಗೆ ಬೀಗ ಹಾಕಿ, ಮೂಕಿಯ ಜಾಕ್‌ನಿಂದ ಗಾಡಿಯ ಹಿಂಭಾಗವನ್ನೂ ಸೇರಿಸಿ ಎತ್ತಿಬಿಡಿ, ಬಾರ್ ತಾನಾಗಿ ಸಡಿಲಾಗುತ್ತದೆ. ನೆಲಮಟ್ಟದಲ್ಲೇ ಪೈಪ್ ತೂರಿಸಿ ಮೀಟುವ ಶೂರರಿದ್ದಾರೆ, ಬಿಗಿದ ಬಾರ್ ಕೈತಪ್ಪಿದರೆ ಮೊಣಕಾಲು ಹೋಗುತ್ತದೆ.

ನಿಮ್ಮ ಬರಹದಲ್ಲಿ ಟ್ರೇಲರ್ ಓಲಾಡುವುದಕ್ಕೂ ಈ ಹಿಚ್ಚೇ ಮದ್ದು ಅಂತಿದೆ. ಓಲಾಟ ತಡೆಯುವ ಘರ್ಷಣೆಯ ಭಾಗ ಕೆಲವು ಹಿಚ್‌ಗಳಲ್ಲಿ ಜೊತೆಗೇ ಬರುತ್ತದೆ, ಕೆಲವಕ್ಕೆ ಬೇರೆ ಹಾಕಬೇಕು, ನಿಜ. ಆದರೆ ಓಲಾಟಕ್ಕೆ ದೊಡ್ಡ ಕಾರಣ ಸಾಮಾನನ್ನೆಲ್ಲ ಟ್ರೇಲರಿನ ಹಿಂತುದಿಗೆ ತುಂಬಿ ಹಿಂಭಾರ ಮಾಡುವುದು. ಅದನ್ನು ಯಾವ ಹಿಚ್ಚೂ ಸರಿ ಮಾಡದು, ಸಾಮಾನು ಮುಂದಕ್ಕೆ ಸರಿಸಬೇಕು ಅಷ್ಟೇ.

ಆ ಬರಹದ ಜೊತೆ ಸೂರ್ಯಾಸ್ತದ ಮುಂದೆ ನಿಂತ ಟ್ರೇಲರಿನ ಚಂದದ ಫೋಟೊ ಇತ್ತು. ಮುಂದಿನ ಸಲ ಮುಂದಿನ ಚಕ್ರದ ಪಕ್ಕ ಟೇಪ್ ಹಿಡಿದು ಕುಕ್ಕರಗಾಲಲ್ಲಿ ಕೂತವರದ್ದೂ ಒಂದು ಹಾಕಿ. ಚಂದ ಇರುವುದಿಲ್ಲ, ಪರವಾಗಿಲ್ಲ.

ಇಂತಿ,
ನಿಮ್ಮ ಓದುಗ